ಸೇವಕರ ಮೇಲಿನ ದೂರನ್ನು ವಿಚಾರಿಸತಕ್ಕವರು ಯಾರು?

ವೈದ್ಯನ ನಡತೆಯಲ್ಲಿ ದೋಷ ಕಂಡರೆ ವೈದ್ಯಕೀಯ ಪರಿಷತ್ತಿಗೆ ದೂರು ಬರೆಯಬಹುದು. ವಕೀಲನ ನಡತೆಯಲ್ಲಿ ದೋಷ ಕಂಡರೆ 1961ರ ವಕೀಲರ ಕಾಯಿದೆಯ ಮೇರೆಗೆ ರಾಜ್ಯ ವಕೀಲರ ಪರಿಷತ್ತಿನ ಮೊರೆ ಹೋಗಬಹುದು. ಆದರೆ ಅನಾಥ ಬಾಲಕರನ್ನೂ ನಿರ್ಗತಿಕ ಸ್ತ್ರೀಯರನ್ನೂ ದಿಕ್ಕಿಲ್ಲದ ವೃದ್ಧರನ್ನೂ ನೋಡಿಕೊಳ್ಳುವ ಸಮಾಜಸೇವಕನು ದಾರಿ ತಪ್ಪಿದರೆ, ಅವನು ಆ ಕೆಲಸಕ್ಕೆ ಇನ್ನು ಯೋಗ್ಯನೋ ಅಲ್ಲವೋ ಎಂಬುದನ್ನು ವಿಚಾರಿಸತಕ್ಕವರು ಯಾರು? ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮಹಾಜನರು ಈ ಪ್ರಶ್ನೆಯನ್ನು ಸಾವಧಾನವಾಗಿ ಆಲೋಚಿಸಬೇಕೆಂದು ನಮ್ಮ ಬಿನ್ನಹ.

2022ರ ಆಗಸ್ಟ್ ತಿಂಗಳಲ್ಲಿ ಚಿತ್ರದುರ್ಗದ ಮುರುಘಾಮಠದ ವಿದ್ಯಾರ್ಥಿನಿಲಯದ ಇಬ್ಬರು ಬಾಲಕಿಯರು ಮಠಾಧಿಪತಿಗಳ ಮೇಲಣ ದೂರನ್ನು ಹೇಳಿಕೊಂಡದ್ದು ಸ್ವಂತ ಜಿಲ್ಲೆಯಲ್ಲಲ್ಲ, ಮೈಸೂರಿನ ಒಡನಾಡಿ ಸೇವಾ ಸಂಸ್ಥೆಯವರಲ್ಲಿ. ಮೊಕದ್ದಮೆಯು ಮೈಸೂರಿನಲ್ಲಿ ದಾಖಲಾಗಿ ಚಿತ್ರದುರ್ಗಕ್ಕೆ ವರ್ಗವಾಯಿತು. 2025ರ ನವೆಂಬರಿನಲ್ಲಿ ಇಲ್ಲಿನ ನ್ಯಾಯಾಲಯವು ಆ ಮೊಕದ್ದಮೆಯಲ್ಲಿ ಅವರನ್ನು ಬಿಡುಗಡೆ ಮಾಡಿತು. ತೀರ್ಪಿನ ಮೇಲೆ ಮತ್ತೊಂದು ತೀರ್ಪು ಬರೆಯುವ ಅಧಿಕಾರ ನಮಗಿಲ್ಲ, ಇಚ್ಛೆಯೂ ಇಲ್ಲ. ಮಠಾಧಿಪತಿಗಳು ವೃತ್ತಿಯಿಂದ ಸಮಾಜಸೇವಕರೂ ಅಲ್ಲ. ಆದರೆ ದೂರು ಹೇಳಲು ಮಕ್ಕಳು ಜಿಲ್ಲೆಯನ್ನೇ ದಾಟಬೇಕಾಯಿತು; ದೂರಿಗೆ ಉತ್ತರ ದೊರೆಯಲು ಮೂರು ವರ್ಷಗಳ ಮೇಲಾಯಿತು. ಇವೆರಡೂ ನಮ್ಮ ವ್ಯವಸ್ಥೆಯ ಕುಂದನ್ನು ತೋರಿಸುತ್ತವೆಂಬುದು ನಿರ್ವಿವಾದವು.

ಕಾಯಿದೆಗಳಿಗೆ ಬರವಿಲ್ಲ. 2015ರ ಬಾಲನ್ಯಾಯ ಕಾಯಿದೆಯ ಮೇರೆಗೆ ಮಕ್ಕಳನ್ನಿಟ್ಟುಕೊಳ್ಳುವ ಪ್ರತಿಯೊಂದು ಸಂಸ್ಥೆಯೂ ನೋಂದಣಿಯಾಗಬೇಕು. ಆ ನೋಂದಣಿಯ ಅವಧಿ ಐದು ವರ್ಷ. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಮಕ್ಕಳ ಕಲ್ಯಾಣ ಸಮಿತಿಯು ತಿಂಗಳಿಗೆ ಎರಡು ಬಾರಿಯಾದರೂ ಇಂಥ ನಿಲಯಗಳನ್ನು ತಪಾಸಣೆ ಮಾಡಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದೂ ಪೋಲೀಸರಿಗೆ ತಿಳಿಸದಿರುವುದು 2012ರ ಪೋಕ್ಸೋ ಕಾಯಿದೆಯಲ್ಲಿ ಅಪರಾಧವು. ಸರ್ಕಾರಿ ನೌಕರನಾದರೆ ಇಲಾಖಾ ವಿಚಾರಣೆಯುಂಟು, ಲೋಕಾಯುಕ್ತರಿದ್ದಾರೆ. ಮಕ್ಕಳಿಗಾಗಿ 1098 ಎಂಬ ದೂರವಾಣಿಯೂ ಉಂಟು.

ಇಷ್ಟೆಲ್ಲ ಇದ್ದೂ ಇರುವ ಕೊರತೆ ಯಾವುದೆಂದರೆ, ನಮ್ಮ ಕಾಯಿದೆಯು ಕಟ್ಟಡವನ್ನು ನೋಂದಣಿ ಮಾಡುತ್ತದೆ, ಅದರೊಳಗೆ ಕೆಲಸ ಮಾಡುವ ಮನುಷ್ಯನನ್ನು ಮಾಡುವುದಿಲ್ಲ. ಹೊಸದುರ್ಗದ ಒಂದು ನಿಲಯದಲ್ಲಿ ಮೇಲ್ವಿಚಾರಕನೊಬ್ಬನು ಮಕ್ಕಳನ್ನು ಹೊಡೆದನೆಂದೂ ಅವರ ಊಟದ ಹಣವನ್ನು ತಿಂದನೆಂದೂ ದೂರು ಬಂತೆಂದು ಊಹಿಸೋಣ. ಸಂಸ್ಥೆಯ ಮಾನ ಹೋದೀತೆಂದು ಹೆದರಿ ಆಡಳಿತದವರು ಅವನಿಂದ ರಾಜೀನಾಮೆ ಬರೆಯಿಸಿಕೊಳ್ಳುತ್ತಾರೆ. ಮುಂದಿನ ತಿಂಗಳು ಅವನು ಹಿರಿಯೂರಿನ ನಿಲಯವೊಂದರಲ್ಲಿ ಅದೇ ಬೀಗದಕೈ ಹಿಡಿದು ನಿಂತರೆ ತಡೆಯತಕ್ಕವರು ಯಾರು? 2020ರ ಪೋಕ್ಸೋ ನಿಯಮಗಳು ಸಿಬ್ಬಂದಿಯ ಪೂರ್ವಾಪರಗಳನ್ನು ಪರಿಶೀಲಿಸಬೇಕೆನ್ನುತ್ತವೆ, ನಿಜ. ಠಾಣೆಯನ್ನೇ ಮುಟ್ಟದ ದೂರು ಪೋಲೀಸರ ದಫ್ತರದಲ್ಲಿ ಸಿಕ್ಕುವುದೆಂತು?

ಇಂಗ್ಲೆಂಡಿನಲ್ಲಿ 2019ರ ಡಿಸೆಂಬರಿನಿಂದ ‘ಸೋಷಿಯಲ್ ವರ್ಕ್ ಇಂಗ್ಲೆಂಡ್’ ಎಂಬ ಪ್ರತ್ಯೇಕ ಸಂಸ್ಥೆಯು ಈ ಕೆಲಸ ಮಾಡುತ್ತಿದೆ. ಅದರ ಪಟ್ಟಿಯಲ್ಲಿ ಹೆಸರಿಲ್ಲದವನು ತನ್ನನ್ನು ಸಮಾಜಸೇವಕನೆಂದು ಕರೆದುಕೊಳ್ಳುವಂತಿಲ್ಲ. ದೂರು ಬಂದೊಡನೆ ಅದು ವಿಚಾರಣೆಗೆ ಅರ್ಹವೋ ಎಂದು ನೋಡುವರು. ಅರ್ಹವಾದರೆ ಕಾಗದಪತ್ರಗಳನ್ನೂ ಸಾಕ್ಷ್ಯವನ್ನೂ ಕೂಡಿಸುವರು. ಆಪಾದಿತನ ಸಮಾಧಾನವನ್ನು ಕೇಳುವರು. ಅನಂತರ ಇಬ್ಬರು ಪರೀಕ್ಷಕರು ಕಡತವನ್ನು ನೋಡುವರು. ಒಬ್ಬರು ಅದೇ ವೃತ್ತಿಯವರು, ಇನ್ನೊಬ್ಬರು ಹೊರಗಿನವರು. ವಿಷಯವು ಗುರುತರವಾದರೆ ಮಂಡಲಿಯ ಮುಂದೆ ವಿಚಾರಣೆ ನಡೆಯುವುದು. ಎಚ್ಚರಿಕೆ, ಷರತ್ತು, ಅಮಾನತು, ಕೊನೆಗೆ ಪಟ್ಟಿಯಿಂದ ಹೆಸರು ತೆಗೆಯುವುದು, ಇವು ಶಿಕ್ಷೆಗಳು. ಅಪಾಯ ಕಂಡಲ್ಲಿ ವಿಚಾರಣೆ ಮುಗಿಯುವ ಮೊದಲೇ ತಾತ್ಕಾಲಿಕವಾಗಿ ಕೆಲಸದಿಂದ ದೂರವಿಡಬಹುದು. ಅಪರಾಧವು ಸಂದೇಹಾತೀತವಾಗಿ ರುಜುವಾತಾಗಬೇಕೆಂಬುದು ದಂಡನ್ಯಾಯದ ನಿಯಮ. ಯಾವುದು ಹೆಚ್ಚು ಸಂಭವನೀಯವೆಂಬುದೇ ಇಲ್ಲಿನ ಅಳತೆ. ಒಬ್ಬನನ್ನು ಸೆರೆಗೆ ಕಳುಹಿಸುವುದು ಬೇರೆ, ಅವನ ಕೈಗೆ ಮಕ್ಕಳನ್ನೊಪ್ಪಿಸುವುದು ಬೇರೆ.

ಇದರಿಂದ ಸೇವಕರಿಗೆ ಕಿರುಕುಳವಾದೀತೆಂದು ಕೆಲವರು ಹೇಳುವರು. ನಮ್ಮ ಮತವು ಇದಕ್ಕೆ ವಿರುದ್ಧ. ಚಾಡಿಮಾತಿಗೂ ಮೂಕರ್ಜಿಗೂ ಬಲಿಯಾಗುವವನು ಪ್ರಾಮಾಣಿಕ ಸೇವಕನೇ. ಕ್ರಮವಾದ ವಿಚಾರಣೆಯಿದ್ದರೆ ಅವನು ತಲೆಯೆತ್ತಿ ಹೊರಬರುವನು. ಇಲ್ಲವಾದರೆ ಊರಿನ ಪಿಸುಮಾತು ಅವನನ್ನು ಸಾಯುವತನಕ ಬಿಡದು.

2021ರ ಕೇಂದ್ರ ಕಾಯಿದೆಯೊಂದು ಆಸ್ಪತ್ರೆ ಮತ್ತು ಮನೋವೈದ್ಯಕ್ಕೆ ಸೇರಿದ ಸಮಾಜಸೇವಕರನ್ನು ವೃತ್ತಿಪಟ್ಟಿಯೊಳಗೆ ತಂದಿದೆ. ನಿಲಯಗಳಲ್ಲಿ ದುಡಿಯುವವರನ್ನೂ ಹೀಗೆಯೇ ಒಳಗೊಳ್ಳುವ ಕಾಯಿದೆಯನ್ನು ಸರ್ಕಾರದವರು ತರಬೇಕು. ಅದು ಬರುವವರೆಗೆ ಜಿಲ್ಲೆಯ ಅಧಿಕಾರಿಗಳು ಕೈಕಟ್ಟಿ ಕೂರಬೇಕಾಗಿಲ್ಲ. ಪ್ರತಿಯೊಂದು ದೂರಿಗೂ ದಿನಾಂಕ ಹಾಕಿದ ರಸೀದಿ ಕೊಡಲಿ. ದೂರಿನ ಪೆಟ್ಟಿಗೆಯ ಬೀಗದಕೈ ನಿಲಯದ ಮೇಲ್ವಿಚಾರಕನ ಬಳಿ ಇರದಿರಲಿ. ಕೆಲಸ ಬಿಟ್ಟವರು ಏಕೆ ಬಿಟ್ಟರೆಂಬುದನ್ನು ದಫ್ತರದಲ್ಲಿ ಬರೆದಿಡಲಿ. ಹೊಸಬನನ್ನು ನೇಮಿಸುವ ಮೊದಲು ಹಿಂದಿನ ಸಂಸ್ಥೆಯವರನ್ನು ಬರವಣಿಗೆಯಲ್ಲಿ ಕೇಳಲಿ. ಇದಕ್ಕೆ ಬೇಕಾಗುವ ಖರ್ಚು ಒಂದು ಪುಸ್ತಕದ್ದು, ಬೇಕಾಗುವ ಗುಣ ಧೈರ್ಯ. ಹೊಳಲ್ಕೆರೆಯ ಬಡ ತಾಯಿ ತನ್ನ ಮಗಳನ್ನು ನಿಲಯದ ಬಾಗಿಲಲ್ಲಿ ಬಿಟ್ಟು ಹಿಂದಿರುಗುವಾಗ ನಂಬುವುದು ಕಟ್ಟಡವನ್ನಲ್ಲ, ಒಳಗಿರುವ ಮನುಷ್ಯರನ್ನು. ಆ ನಂಬಿಕೆಗೆ ಜವಾಬುದಾರರಾರೆಂಬುದನ್ನು ಮಹಾಜನರೂ ಸರ್ಕಾರದವರೂ ಇನ್ನಾದರೂ ಗೊತ್ತುಮಾಡಲಿ.