ಸಂದೇಶ ಮಧ್ಯವರ್ತಿಯನ್ನು ನಿಲ್ಲಿಸುವ ಕ್ರಮ

ಎರಡು ಪ್ರೋಗ್ರಾಮುಗಳು ನೇರವಾಗಿ ಸಂಭಾಷಿಸದೆ, ತಮ್ಮ ಸಂದೇಶಗಳನ್ನು ಮೂರನೆಯದೊಂದು ಪ್ರೋಗ್ರಾಮಿನ ವಶಕ್ಕೆ ಒಪ್ಪಿಸಿ ವ್ಯವಹರಿಸುವ ಪದ್ಧತಿ ಈಗ ಬಹಳವಾಗಿ ರೂಢಿಯಲ್ಲಿದೆ. ಈ ಮೂರನೆಯದಕ್ಕೆ ಮೆಸೇಜ್ ಬ್ರೋಕರ್, ಅಂದರೆ ಸಂದೇಶ ಮಧ್ಯವರ್ತಿ ಎಂದು ಹೆಸರು. ಅಂಚೆ ಕಚೇರಿಯು ಕಾಗದವನ್ನು ವಿಳಾಸದಾರನಿಗೆ ತಲಪಿಸುವವರೆಗೂ ಕಾಪಾಡುವಂತೆ ಇದೂ ಸಂದೇಶವನ್ನು ಸರದಿಯಲ್ಲಿಟ್ಟು ಕಾಪಾಡುತ್ತದೆ. ಆದುದರಿಂದಲೇ ಅದನ್ನು ನಿಲ್ಲಿಸುವುದು ದೀಪವನ್ನು ಆರಿಸಿದಷ್ಟು ಸುಲಭವಲ್ಲ. ಆ ಕ್ರಮವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತೇವೆ.

2007ರಲ್ಲಿ ಪ್ರಕಟವಾದ, ಅರ್ಲಾಂಗ್ ಭಾಷೆಯಲ್ಲಿ ರಚಿತವಾದ ರ‍್ಯಾಬಿಟ್‌ಎಂಕ್ಯೂ ಎಂಬ ಮಧ್ಯವರ್ತಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ವಶದಲ್ಲಿರುವ ಸಂದೇಶಗಳಿಗೆ ಮೂರು ಅವಸ್ಥೆಗಳುಂಟು. ಕೆಲವು ಆಗತಾನೆ ಬಂದವು. ಕಳುಹಿಸಿದ ಪ್ರೋಗ್ರಾಮಿಗೆ ಇನ್ನೂ ರಸೀತಿ ಹೋಗಿರುವುದಿಲ್ಲ. ಕೆಲವು ಸರದಿಯಲ್ಲಿ ಕಾದಿರುತ್ತವೆ. ಇನ್ನು ಕೆಲವು ಗ್ರಾಹಕ ಪ್ರೋಗ್ರಾಮನ್ನು ತಲಪಿದ್ದರೂ ಅದರಿಂದ ಸ್ವೀಕೃತಿ ಬಂದಿರುವುದಿಲ್ಲ. ಮಧ್ಯವರ್ತಿಯು ಹಠಾತ್ತನೆ ನಿಂತರೆ ಮೊದಲನೆಯವು ನಷ್ಟವಾಗಬಹುದು. ಮೂರನೆಯವು ಮರಳಿ ಸರದಿಗೆ ಸೇರಿ ಎರಡನೆಯ ಸಲ ರವಾನೆಯಾಗಬಹುದು. ಶುಲ್ಕ ಪಾವತಿಯ ಸಂದೇಶವೊಂದು ಕಳೆದುಹೋದರೆ ಹಣ ತೆತ್ತ ವಿದ್ಯಾರ್ಥಿಯ ಹೆಸರು ಪಟ್ಟಿಗೆ ಬಾರದು. ಎರಡು ಸಲ ಬಂದರೆ ಒಂದೇ ಹಣ ಎರಡು ಸಲ ಜಮೆಯಾದೀತು. ವಿಷಯದ ಗುರುತ್ವ ಇಲ್ಲಿದೆ.

ಕಮಾಂಡ್ ಲೈನಿನಿಂದ ಕೊಡುವ ಆಜ್ಞೆಗಳಲ್ಲಿ ಮುಖ್ಯವಾದವು ಮೂರು. ರ‍್ಯಾಬಿಟ್‌ಎಂಕ್ಯೂಸಿಟಿಎಲ್ ಎಂಬ ಸಾಧನಕ್ಕೆ ‘ಸ್ಟಾಪ್_ಆ್ಯಪ್’ ಎಂದು ತಿಳಿಸಿದರೆ ಮಧ್ಯವರ್ತಿಯ ಕೆಲಸವಷ್ಟೇ ನಿಲ್ಲುತ್ತದೆ. ಅದಕ್ಕೆ ಆಧಾರವಾದ ಅರ್ಲಾಂಗ್ ವ್ಯವಸ್ಥೆ ನಡೆಯುತ್ತಲೇ ಇರುತ್ತದೆ. ‘ಸ್ಟಾಪ್’ ಎಂದರೆ ಎರಡೂ ನಿಲ್ಲುತ್ತವೆ. ‘ಶಟ್‌ಡೌನ್’ ಎಂಬುದೂ ಎರಡನ್ನೂ ನಿಲ್ಲಿಸುತ್ತದೆ; ಆದರೆ ಅವು ನಿಜವಾಗಿ ನಿಲ್ಲುವವರೆಗೂ ಕಾದು, ನಿಲ್ಲದಿದ್ದಲ್ಲಿ ಸೊನ್ನೆಯಲ್ಲದ ಸಂಖ್ಯೆಯೊಂದನ್ನು ಹಿಂದಿರುಗಿಸಿ ವೈಫಲ್ಯವನ್ನು ಸೂಚಿಸುತ್ತದೆ. ಆಜ್ಞೆ ಕೊಟ್ಟದ್ದೇ ಕಾರ್ಯ ಮುಗಿದದ್ದಕ್ಕೆ ಪ್ರಮಾಣವಲ್ಲವಾದ್ದರಿಂದ ಈ ಕೊನೆಯದು ಹೆಚ್ಚು ವಿಶ್ವಾಸಾರ್ಹ.

ವಿಳಂಬವಾದಾಗ ತಾಳ್ಮೆಗೆಟ್ಟು ‘ಕಿಲ್’ ಆಜ್ಞೆಯನ್ನು 9 ಎಂಬ ಅಂಕಿಯೊಡನೆ ಪ್ರಯೋಗಿಸುವವರುಂಟು. ಯುನಿಕ್ಸ್ ವರ್ಗದ ವ್ಯವಸ್ಥೆಗಳಲ್ಲಿ 15ನೆಯ ಸಂಕೇತವು ವಿನಂತಿಯಿದ್ದಂತೆ. ಅದನ್ನು ಕೇಳಿದ ಪ್ರೋಗ್ರಾಮು ಕೈಯಲ್ಲಿರುವ ಕೆಲಸವನ್ನು ಮುಗಿಸಿ ಹೊರಡಬಲ್ಲುದು. 9ನೆಯದನ್ನು ಪ್ರೋಗ್ರಾಮು ತಡೆಯಲಾರದು; ಅದು ಬಂದುದೇ ತಿಳಿಯದು. ಹೀಗೆ ಕೊನೆಗೊಂಡ ಮಧ್ಯವರ್ತಿಯು ಮತ್ತೆ ಎದ್ದಾಗ ತನ್ನ ಸಂದೇಶಗಳ ಸೂಚಿಯನ್ನು ಹೊಸದಾಗಿ ಕಟ್ಟಿಕೊಳ್ಳಬೇಕಾಗಬಹುದು. ಸಂದೇಶಗಳು ಹೇರಳವಾಗಿದ್ದರೆ ಆರಂಭವೇ ತಡವಾಗುತ್ತದೆ.

ಕ್ರಮವಾದ ವಿಧಾನ ಹೀಗಿದೆ. ಮೊದಲು ಸಂದೇಶ ಕಳುಹಿಸುವ ಪ್ರೋಗ್ರಾಮುಗಳನ್ನು ನಿಲ್ಲಿಸಬೇಕು. ಬಳಿಕ ಗ್ರಾಹಕರು ಸರದಿಯನ್ನು ಬರಿದುಮಾಡುವವರೆಗೆ ಕಾಯಬೇಕು. ಕೊನೆಗೆ ಮಧ್ಯವರ್ತಿಯನ್ನು ನಿಲ್ಲಿಸಬೇಕು. ಹಲವು ಸರ್ವರುಗಳು ಕೂಡಿ ಕೆಲಸಮಾಡುವಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಕ್ವೋರಮ್ ಎಂಬ ಬಗೆಯ ಸರದಿಯ ಪ್ರತಿಗಳು 3 ಸರ್ವರುಗಳಲ್ಲಿದ್ದರೆ, ಕನಿಷ್ಠ 2 ನಡೆಯುತ್ತಿದ್ದರೆ ಮಾತ್ರ ಅದು ಕೆಲಸಮಾಡುತ್ತದೆ. ಒಂದು ಆಗಲೇ ನಿಂತಿರುವಾಗ ಮತ್ತೊಂದನ್ನು ನಿಲ್ಲಿಸಿದರೆ ಆ ಸರದಿಯೇ ಸ್ತಬ್ಧವಾಗುತ್ತದೆ.

ಇಷ್ಟು ಜಾಗರೂಕತೆ ಇದ್ದರೆ ಸಾಕೇ ಎಂಬ ಶಂಕೆ ಏಳಬಹುದು. ಸಾಲದು. ಕ್ಲಾಸಿಕ್ ಎಂಬ ಬಗೆಯ ಸರದಿಗಳಲ್ಲಿ, ಸರದಿ ಮತ್ತು ಸಂದೇಶಗಳೆರಡನ್ನೂ ಸ್ಥಾಯಿ ಎಂದು ಮೊದಲೇ ಘೋಷಿಸಿರದಿದ್ದರೆ, ಎಷ್ಟು ವಿನಯದಿಂದ ನಿಲ್ಲಿಸಿದರೂ ಸಂದೇಶ ಉಳಿಯದು. ವಿದ್ಯುತ್ತು ಯಾರ ಅಪ್ಪಣೆಯನ್ನೂ ಕೇಳದೆ ಹೋಗುತ್ತದೆ. ಆದಕಾರಣ ಕಳುಹಿಸುವ ಪ್ರೋಗ್ರಾಮು ರಸೀತಿ ಬರುವವರೆಗೆ ತನ್ನ ಪ್ರತಿಯನ್ನು ಬಿಡಬಾರದು. ಗ್ರಾಹಕ ಪ್ರೋಗ್ರಾಮು ಒಂದೇ ಸಂದೇಶ ಎರಡು ಸಲ ಬಂದರೂ ಲೆಕ್ಕ ಕೆಡದಂತೆ ರಚಿತವಾಗಿರಬೇಕು. ನಿಲ್ಲಿಸುವ ಆಜ್ಞೆಯನ್ನು ಕೊನೆಯಲ್ಲಿ ಕೊಡುತ್ತೇವೆ. ಆದರೆ ನಿಲುಗಡೆಯ ವಿಚಾರವನ್ನು ರಚನೆಯ ಮೊದಲ ದಿನವೇ ಮಾಡಿರಬೇಕೆಂಬುದು ನಮ್ಮ ಅಭಿಪ್ರಾಯ.