ಗಾರೆ ಕೆಲಸಗಾರನ ಯುದ್ಧ ದಿನಚರಿ

1862ರ ಸೆಪ್ಟೆಂಬರ್ 21ರ ರಾತ್ರಿ ಅಮೆರಿಕದ ನಾರ್ತ್ ಕ್ಯಾರೊಲಿನಾದ ವಿಲ್ಮಿಂಗ್ಟನ್ ಪಟ್ಟಣದಿಂದ ಎಂಟು ಮಂದಿ ಗುಲಾಮರು ದೋಣಿ ಹತ್ತಿ ಕೇಪ್ ಫಿಯರ್ ನದಿಗಿಳಿದರು. ಅದು ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧದ ಕಾಲ; ದಡದಲ್ಲಿ ದಕ್ಷಿಣದವರ ಸೇನೆಯ ಕಾವಲಿತ್ತು. ಕತ್ತಲಲ್ಲೇ ಹುಟ್ಟುಹಾಕಿ ಸಮುದ್ರ ಮುಟ್ಟಿದವರನ್ನು ಮರುದಿನ ಉತ್ತರದ ಯುದ್ಧನೌಕೆ 'ಕೇಂಬ್ರಿಜ್' ಹತ್ತಿಸಿಕೊಂಡಿತು. ಅದೇ ದಿನ ಅಧ್ಯಕ್ಷ ಲಿಂಕನ್ ಗುಲಾಮ ವಿಮೋಚನೆಯ ಪ್ರಾಥಮಿಕ ಘೋಷಣೆ ಹೊರಡಿಸಿದರು. ನೌಕೆ ಹತ್ತಿದವರಿಗೆ ಅದರ ಸುದ್ದಿ ತಿಳಿದಿರುವ ಸಾಧ್ಯತೆಯೇ ಇರಲಿಲ್ಲ.

ಆ ಎಂಟು ಮಂದಿಯಲ್ಲಿ ಒಬ್ಬರು 24 ವರ್ಷದ ಗಾರೆ ಕೆಲಸಗಾರ ವಿಲಿಯಂ ಬಿ. ಗೂಲ್ಡ್. ಕೆಲವೇ ದಿನಗಳಲ್ಲಿ ಅವರು ನೌಕಾಪಡೆ ಸೇರಿದರು, ದಿನಚರಿಯನ್ನೂ ಬರೆಯತೊಡಗಿದರು. 1865ರ ಸೆಪ್ಟೆಂಬರ್‌ವರೆಗೆ ಬರೆದರು. ಗುಲಾಮರಿಗೆ ಓದುಬರಹ ಕಲಿಸುವುದನ್ನು ನಾರ್ತ್ ಕ್ಯಾರೊಲಿನಾ 1830ರಲ್ಲೇ ಕಾನೂನು ಮಾಡಿ ನಿಷೇಧಿಸಿತ್ತು ಎಂಬುದನ್ನು ನೆನೆದರೆ ಈ ಪುಟಗಳ ಬೆಲೆ ತಿಳಿಯುತ್ತದೆ. ಆ ಯುದ್ಧದ ಕಪ್ಪು ನಾವಿಕರ ದಿನಚರಿಗಳು ಉಳಿದಿರುವುದೇ ಬೆರಳೆಣಿಕೆಯಷ್ಟು.

ಬರೆದದ್ದರಲ್ಲಿ ಹೆಚ್ಚಿನದು ಹವಾಮಾನ, ಪಹರೆ, ಬಂದ ಹಡಗು, ಬಾರದ ಪತ್ರ. ನಡುನಡುವೆ ಸಿಟ್ಟು ಏಳುತ್ತದೆ. 1864ರಲ್ಲಿ 'ನಯಾಗರಾ' ನೌಕೆಗೆ ಬಂದ ಕಪ್ಪು ಸೈನಿಕರಿಗೆ ಊಟದ ತಟ್ಟೆ ಮುಟ್ಟಲು ಬಿಳಿಯ ನಾವಿಕರು ಬಿಡದೆ, ಬಾಯಿಗೆ ಬಂದಂತೆ ಬೈದದ್ದನ್ನು ಗೂಲ್ಡ್ ದಾಖಲಿಸಿದ್ದಾರೆ. ಪಂಕ್ತಿಭೇದವನ್ನು ಬಲ್ಲ ನಮಗೆ ಆ ಸಾಲುಗಳಿಗೆ ಟಿಪ್ಪಣಿ ಬೇಕಿಲ್ಲ. ಆದರೆ ತಾವು ಗುಲಾಮರಾಗಿದ್ದೆವೆಂದು ಗೂಲ್ಡ್ ಎಲ್ಲಿಯೂ ಬರೆದುಕೊಂಡಿಲ್ಲ.

ದಿನಚರಿ 1958ರಲ್ಲಿ ಮನೆಯ ಅಟ್ಟದಲ್ಲಿ ಸಿಕ್ಕಾಗ ಕುಟುಂಬಕ್ಕೂ ಆ ಸಂಗತಿ ಗೊತ್ತಿರಲಿಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ಕಾನೂನು ಪ್ರಾಧ್ಯಾಪಕರಾಗಿದ್ದ ಮರಿಮಗ, ನಾಲ್ಕನೆಯ ವಿಲಿಯಂ ಬಿ. ಗೂಲ್ಡ್, ವರ್ಷಗಟ್ಟಲೆ ಹುಡುಕಿದರು. 'ಕೇಂಬ್ರಿಜ್' ನೌಕೆಯ ದಾಖಲೆ ಪುಸ್ತಕದಲ್ಲಿ ಎಂಟು ಹೆಸರುಗಳೂ ಪ್ರತಿ ಹೆಸರಿನ ಮುಂದೆ ಒಡೆಯನ ಹೆಸರೂ ಇದ್ದವು. ಗೂಲ್ಡ್ ಹೆಸರಿನ ಮುಂದೆ ಇದ್ದದ್ದು ನಿಕೋಲಸ್ ನಿಕ್ಸನ್. ದಿನಚರಿ ಹೇಳದೆ ಬಿಟ್ಟದ್ದನ್ನು ಹಡಗಿನ ಗುಮಾಸ್ತಿಕೆಯ ಒಂದು ಸಾಲು ಹೇಳಿತು. ಒಂಟಿ ಕಡತ ಅರ್ಧ ಸತ್ಯವನ್ನಷ್ಟೇ ಕಾಯುತ್ತದೆ, ಹಳೆಯ ಕಾಗದಗಳನ್ನು ಎಸೆಯದೆ ಜೋಪಾನ ಮಾಡುವವರ ಋಣ ನಮ್ಮ ಮೇಲೆ ದೊಡ್ಡದು ಎಂದು ನಾನು ಬಲವಾಗಿ ನಂಬುವುದು ಇಂಥ ಕಾರಣಕ್ಕೇ.

ಇನ್ನೊಂದು ಸಾಕ್ಷಿ ಕಾಗದದ್ದಲ್ಲ. ವಿಲ್ಮಿಂಗ್ಟನ್‌ನ ಬೆಲ್ಲಮಿ ಬಂಗಲೆಯ ದುರಸ್ತಿಯ ವೇಳೆ ಗಾರೆಯಲ್ಲಿ ಗೂಲ್ಡ್ ಅವರ ಹೆಸರಿನ ಮೊದಲಕ್ಷರಗಳು ಸಿಕ್ಕಿದವು.

ದಿನಚರಿ 2002ರಲ್ಲಿ 'ಡೈರಿ ಆಫ್ ಎ ಕಾಂಟ್ರಾಬ್ಯಾಂಡ್' ಎಂಬ ಪುಸ್ತಕವಾಗಿ ಬಂತು. ಮೂಲಪ್ರತಿಯನ್ನು ಕುಟುಂಬ 2006ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಗೆ ಕೊಟ್ಟಿತು. 1791ರಲ್ಲಿ ಹುಟ್ಟಿದ ಈ ಸಂಸ್ಥೆ ಅಮೆರಿಕದ ಮೊದಲ ಇತಿಹಾಸ ಸಂಘ. ದೇಶದ ಅಧ್ಯಕ್ಷರ ಪತ್ರಗಳಿರುವ ಭಂಡಾರದಲ್ಲೇ ಒಬ್ಬ ಗಾರೆ ಕೆಲಸಗಾರನ ಕೈಬರಹಕ್ಕೂ ಜಾಗ ದೊರೆತದ್ದು ನ್ಯಾಯವಾಗಿದೆ.

ಯುದ್ಧ ಮುಗಿದ ಮೇಲೆ ಗೂಲ್ಡ್, ದಿನಚರಿಯಲ್ಲಿ ಯಾರ ಪತ್ರಕ್ಕಾಗಿ ಕಾದಿದ್ದರೋ ಆ ಕಾರ್ನೆಲಿಯಾರನ್ನೇ ಮದುವೆಯಾಗಿ ಬಾಸ್ಟನ್ ಬಳಿಯ ಡೆಡಮ್‌ನಲ್ಲಿ ನೆಲೆಸಿದರು. ಅಲ್ಲಿನ ಸೇಂಟ್ ಮೇರಿ ಚರ್ಚಿನ ಕಟ್ಟಡದಲ್ಲಿ ತಮ್ಮ ಆಳುಗಳು ಗಾರೆ ಸರಿಯಾಗಿ ಕಲಸಿಲ್ಲವೆಂದು ಗೊತ್ತಾದಾಗ, ಮೆತ್ತಿದ್ದನ್ನೆಲ್ಲ ಕಿತ್ತು ಸ್ವಂತ ಖರ್ಚಿನಲ್ಲಿ ಮತ್ತೆ ಮಾಡಿಸಿದರು. ಅದರಿಂದ ದಿವಾಳಿಯ ಅಂಚಿಗೆ ಹೋದರೂ ಊರಿನ ನಂಬಿಕೆ ಗಳಿಸಿದರು. ಅವರ ಆರು ಗಂಡುಮಕ್ಕಳೂ ಅಮೆರಿಕದ ಸೇನೆಯಲ್ಲಿ ದುಡಿದರು. ಗೂಲ್ಡ್ ತೀರಿಕೊಂಡದ್ದು 1923ರಲ್ಲಿ. ಸರಿಯಾಗಿ ನೂರು ವರ್ಷದ ಬಳಿಕ ಡೆಡಮ್ ಪಟ್ಟಣ ಅವರ ಪ್ರತಿಮೆ ನಿಲ್ಲಿಸಿತು.