ಅಮೆರಿಕ ಸುಂಕ ಹಾಕಿದರೆ ನಮ್ಮ ವಾಟ್ಸಾಪ್, ಜಿಮೇಲ್ ಬಂದ್ ಆಗುತ್ತವೆಯೇ?

‘ಅಮೆರಿಕ ಸುಂಕ ಹಾಕಿದೆ, ಇನ್ನು ವಾಟ್ಸಾಪ್, ಜಿಮೇಲ್ ಬಂದ್, ಎಲ್ಲರಿಗೂ ಕಳಿಸಿ’. ಇಂಥ ಸಂದೇಶ ರೋಣ, ನರಗುಂದ, ಗಜೇಂದ್ರಗಡದ ಯಾವ ಗ್ರೂಪಿಗೆ ಬಂದರೂ ಗಾಬರಿ ಸಹಜ. ಸೀರೆಯ ಫೋಟೊ ಕಳಿಸಿ ಆರ್ಡರ್ ಪಡೆಯುವ ಗಜೇಂದ್ರಗಡದ ನೇಕಾರರಿಗೆ ಫೋನೇ ಅಂಗಡಿ. ಇದರಲ್ಲಿ ಎಷ್ಟು ನಿಜ? ನೋಡೋಣ.

ಸುಂಕ ಬೇರೆ, ನಿರ್ಬಂಧ ಬೇರೆ

ಸುಂಕವೆಂದರೆ ಹೊರದೇಶದಿಂದ ಬರುವ ಸರಕಿನ ಮೇಲಿನ ತೆರಿಗೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಅನೇಕ ಸರಕುಗಳ ಮೇಲಿನ ಸುಂಕವನ್ನು ಶೇ. 50ಕ್ಕೆ ಏರಿಸಿತು. ಅದರಿಂದ ನಮ್ಮ ವಾಟ್ಸಾಪ್ ನಿಲ್ಲಲಿಲ್ಲ.

ನಿರ್ಬಂಧ ಹಾಗಲ್ಲ. ‘ಇವರೊಡನೆ ವ್ಯವಹಾರವೇ ಬೇಡ’ ಎಂದು ಸರ್ಕಾರ ತನ್ನ ಕಂಪನಿಗಳಿಗೆ ಹಾಕುವ ಕಟ್ಟು ಅದು. ಮೀರಿದರೆ ಭಾರಿ ದಂಡ. ಹಾಗಾಗಿ ಕಂಪನಿಗಳು ಐಪಿ ವಿಳಾಸ, ಬ್ಯಾಂಕ್ ಕಾರ್ಡ್ ಯಾವ ದೇಶದ್ದೆಂದು ನೋಡಿ ಖಾತೆ ತಡೆಯುತ್ತವೆ. ಆಗ ಸಾಮಾನ್ಯರೂ ಸಿಕ್ಕಿಬೀಳುತ್ತಾರೆ. 2019ರ ಅಕ್ಟೋಬರ್‌ನಲ್ಲಿ ಫೋಟೊಶಾಪ್ ತಯಾರಿಸುವ ಅಡೋಬಿ, ಅಮೆರಿಕದ ಆದೇಶದ ಕಾರಣ ವೆನೆಜುವೆಲಾದ ಎಲ್ಲ ಖಾತೆಗಳನ್ನು ಮುಚ್ಚುವುದಾಗಿ ಹೇಳಿತ್ತು. ಕೊನೆ ಗಳಿಗೆಯಲ್ಲಿ ಸರ್ಕಾರದ ಪರವಾನಗಿ ಸಿಕ್ಕಿ ಸೇವೆ ಉಳಿಯಿತು.

ಭಾರತದಲ್ಲಿ ಆಗಿದೆಯೇ?

ಆಗಿದೆ, ಆದರೆ ಒಂದು ಕಂಪನಿಗೆ. ಪೆಟ್ರೋಲ್ ಬಂಕ್‌ಗಳನ್ನು ಹೊಂದಿರುವ ನಯಾರಾ ಎನರ್ಜಿಯಲ್ಲಿ ರಷ್ಯಾದ ರಾಸ್ನೆಫ್ಟ್‌ಗೆ ಶೇ. 49ರಷ್ಟು ಪಾಲಿದೆ. 2025ರ ಜುಲೈ 18ರಂದು ಐರೋಪ್ಯ ಒಕ್ಕೂಟ ಅದರ ಮೇಲೆ ನಿರ್ಬಂಧ ಹೇರಿತು. ಏಕಪಕ್ಷೀಯ ನಿರ್ಬಂಧಗಳನ್ನು ಭಾರತ ಒಪ್ಪುವುದಿಲ್ಲ ಎಂದು ನಮ್ಮ ವಿದೇಶಾಂಗ ಸಚಿವಾಲಯ ಹೇಳಿತು. ಆದರೂ ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯ ಇಮೇಲ್ ಸೇರಿದಂತೆ ಸೇವೆಗಳನ್ನು ನಿಲ್ಲಿಸಿತು. ಹಣ ಕೊಟ್ಟು ಪಡೆದ ಸೇವೆ, ತನ್ನದೇ ಮಾಹಿತಿ ಕೈಗೆ ಸಿಗುತ್ತಿಲ್ಲವೆಂದು ನಯಾರಾ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ಜುಲೈ 30ರಂದು ಸೇವೆ ಮರಳಿತು.

ಹಾಗಾದರೆ ನಾವೇನು ಮಾಡಬೇಕು?

ಸುಂಕದಿಂದ ವಾಟ್ಸಾಪ್ ಬಂದ್ ಎಂಬ ಸಂದೇಶ ತಪ್ಪು. ಆದರೆ ನಯಾರಾ ಪ್ರಸಂಗದ ಪಾಠ ನಿಜ: ಖಾತೆ ನಮ್ಮದು, ಬೀಗದ ಕೀ ಇನ್ನೊಬ್ಬರ ಕೈಯಲ್ಲಿ. ದೊಡ್ಡ ಕಂಪನಿ ಕೋರ್ಟಿಗೆ ಹೋಗಬಲ್ಲದು, ನೇಕಾರರು ಹೋಗಲಾರರು.

ಅದಕ್ಕೆ ಗಿರಾಕಿಗಳ ನಂಬರನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಫೋಟೊ, ಲೆಕ್ಕಪತ್ರದ ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲಿರಲಿ. ‘ವಾಟ್ಸಾಪ್ ಬಂದ್, ಈ ಹೊಸ ಆ್ಯಪ್ ಹಾಕಿಕೊಳ್ಳಿ’ ಎಂಬ ಲಿಂಕ್ ಬಂದರೆ ಒತ್ತಬೇಡಿ, ಫಾರ್ವರ್ಡ್ ಕೂಡ ಮಾಡಬೇಡಿ.